ಹೋಳಿಗೆ ಎಂಬ ಹೆಸರು: ಕೂಡಲಸಂಗಮ ಸೀಮೆಯ ಒಂದು ಭಕ್ಷ್ಯದ ಚರಿತ್ರೆ

ಒಂದು ನಾಡಿನ ಚರಿತ್ರೆಯನ್ನು ಶಿಲಾಶಾಸನಗಳಲ್ಲಿ, ತಾಮ್ರಪಟಗಳಲ್ಲಿ, ಕಾವ್ಯಗಳಲ್ಲಿ ಹುಡುಕುವುದು ವಾಡಿಕೆ. ಅಡುಗೆಯ ಮನೆಯಲ್ಲಿ ಅದನ್ನು ಹುಡುಕುವವರು ವಿರಳ. ಆದರೆ ಅರಸು ಮನೆತನಗಳು ಅಳಿದು, ಗಡಿಗಳು ಬದಲಾಗಿ, ದಫ್ತರಗಳು ಕಳೆದುಹೋದ ಮೇಲೂ ಒಲೆಯ ಮುಂದೆ ಕುಳಿತ ತಾಯಿ ತನ್ನ ಮಗಳಿಗೆ ಕಲಿಸಿದ ಮಾತು ಉಳಿದಿರುತ್ತದೆ. ಅಂಥ ಮಾತುಗಳಲ್ಲಿ 'ಹೋಳಿಗೆ' ಎಂಬುದು ಒಂದು. ಹಬ್ಬದ ದಿನ ಎಲೆಯ ಮೇಲೆ ಬಂದು, ತುಪ್ಪದೊಡನೆ ಕರಗಿಹೋಗುವ ಈ ಭಕ್ಷ್ಯದ ಹೆಸರು ತನ್ನೊಳಗೆ ಸಾವಿರ ವರ್ಷಗಳ ಭಾಷಾಚರಿತ್ರೆಯ ಒಂದು ತುಣುಕನ್ನು ಕಾಪಾಡಿಕೊಂಡು ಬಂದಿದೆ.

ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮ, ಅದರ ಸುತ್ತಲಿನ ಹುನಗುಂದ, ಇಳಕಲ್ಲು, ಬಾದಾಮಿ, ಬಾಗಲಕೋಟೆಗಳ ಸೀಮೆ, ಈ ಚರಿತ್ರೆಯನ್ನು ಓದಲು ತಕ್ಕ ನೆಲೆ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಕೆಲಸ ಮಾಡಿದ ನೆಲವಿದು. ಬಸವಣ್ಣನವರು ತಮ್ಮ ಎಳೆಯ ದಿನಗಳಲ್ಲಿ ಸಂಗಮನಾಥನ ಸನ್ನಿಧಿಯಲ್ಲಿದ್ದ ನೆಲವೂ ಇದೇ. ಮುಂದೆ ವಿಜಯಪುರದ ಆದಿಲಶಾಹಿಗಳು, ಸವಣೂರಿನ ನವಾಬರು, ಪುಣೆಯ ಪೇಶ್ವೆಗಳು ಈ ಸೀಮೆಯನ್ನು ಒಬ್ಬರಾದ ಮೇಲೊಬ್ಬರು ಆಳಿದರು. ಮುಧೋಳದಲ್ಲಿ ಘೋರ್ಪಡೆಯವರೂ ಜಮಖಂಡಿಯಲ್ಲಿ ಪಟವರ್ಧನರೂ ಸ್ವಾತಂತ್ರ್ಯ ಬರುವವರೆಗೆ ಸಂಸ್ಥಾನಿಕರಾಗಿದ್ದರು. 1818ರಲ್ಲಿ ಬ್ರಿಟಿಷರ ವಶವಾದ ಉಳಿದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ಏಕೀಕರಣದವರೆಗೆ ಅಲ್ಲಿಯೇ ಉಳಿಯಿತು. ವಿಜಯಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದುದು 1997ರಲ್ಲಿ. ಇಷ್ಟು ದೀರ್ಘಕಾಲ ಮರಾಠಿ ಆಡಳಿತದ ನೆರಳಿನಲ್ಲಿದ್ದ ಸೀಮೆಯಲ್ಲಿ ಮರಾಠಿಯ ಮಾತುಗಳು ಕನ್ನಡದೊಳಗೆ ಹೊಕ್ಕಿದ್ದರೆ ಆಶ್ಚರ್ಯವಿಲ್ಲ.

ಆದುದರಿಂದಲೇ ಒಂದು ಅಭಿಪ್ರಾಯ ಹಲವರ ಮಾತಿನಲ್ಲಿ ಆಗಾಗ ಕೇಳಿಬರುತ್ತದೆ. ಹೋಳಿಗೆ ಎಂಬುದು ಮರಾಠಿಯ 'ಪುರಣಪೋಳಿ'ಯ ಕನ್ನಡ ರೂಪ, ಪೇಶ್ವೆಗಳ ಕಾಲದಲ್ಲಿ ದಂಡಿನೊಡನೆಯೂ ಅಧಿಕಾರಿಗಳ ಮನೆತನಗಳೊಡನೆಯೂ ಕನ್ನಡ ನಾಡಿಗೆ ಬಂದ ಭಕ್ಷ್ಯ ಎಂಬುದೇ ಆ ಅಭಿಪ್ರಾಯ. ಮೇಲುನೋಟಕ್ಕೆ ಇದು ಸಹಜವಾಗಿ ತೋರುತ್ತದೆ. ಎರಡೂ ಭಕ್ಷ್ಯಗಳು ಒಂದೇ ಬಗೆಯವು. ಎರಡೂ ಹೆಸರುಗಳು ಸಮೀಪದವು. ಆಳಿದವರ ಊಟವನ್ನು ಆಳಿಸಿಕೊಂಡವರು ಅನುಕರಿಸುವುದೂ ಲೋಕದಲ್ಲಿ ಕಂಡದ್ದೇ. ಆದರೆ ಸಹಜವಾಗಿ ತೋರುವುದೆಲ್ಲ ಸತ್ಯವಾಗಿರಬೇಕಾಗಿಲ್ಲ. ಈ ಅಭಿಪ್ರಾಯವನ್ನು ಹೆಸರಿನ ಸಾಕ್ಷ್ಯದಿಂದಲೇ ಪರೀಕ್ಷಿಸಬಹುದು.

ಮೊದಲು 'ಹೂರಣ' ಎಂಬ ಶಬ್ದವನ್ನು ನೋಡಬೇಕು. ಇದು ಸಂಸ್ಕೃತದ 'ಪೂರಣ' ಶಬ್ದದ ತದ್ಭವ. ತುಂಬುವುದು, ಒಳಗೆ ತುಂಬಿದ್ದು ಎಂಬುದು ಇದರ ಅರ್ಥ. ಪದದ ಆದಿಯ ಪಕಾರ ಹಕಾರವಾಗುವುದು ಕನ್ನಡ ಭಾಷೆಯ ಇತಿಹಾಸದಲ್ಲಿ ಒಂದು ಗೊತ್ತಾದ ಕಾಲದಲ್ಲಿ ನಡೆದ ವ್ಯತ್ಯಾಸ. ಸುಮಾರು 10ನೆಯ ಶತಮಾನದಿಂದ ಇದರ ಲಕ್ಷಣಗಳು ಕಾಣತೊಡಗಿ, 14-15ನೆಯ ಶತಮಾನಗಳ ಹೊತ್ತಿಗೆ ಬಳಕೆಯ ಭಾಷೆಯಲ್ಲಿ ನೆಲೆಗೊಂಡಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಲ್ಲು ಹಲ್ಲಾಯಿತು. ಅಚ್ಚಗನ್ನಡದ ಮಾತುಗಳಷ್ಟೇ ಅಲ್ಲ, ಅದಕ್ಕೆ ಮೊದಲೇ ಮನೆಮಾತಾಗಿದ್ದ ತದ್ಭವಗಳೂ ಇದೇ ದಾರಿಯನ್ನು ಹಿಡಿದವು. ಪರ್ವ ಎಂಬುದು ಪಬ್ಬವಾಗಿ ಹಬ್ಬವಾಯಿತು. ಪೂರ್ಣಿಮೆ ಪುಣ್ಣಮೆಯಾಗಿ ಹುಣ್ಣಿಮೆಯಾಯಿತು. ಪರ್ಪಟ ಎಂಬುದು ಹಪ್ಪಳವಾಯಿತು. ಹೂರಣವೂ ಈ ಸಾಲಿಗೆ ಸೇರಿದ ಶಬ್ದ.

ಇದಕ್ಕೆ ಎದುರಾಗಿ, ಈ ವ್ಯತ್ಯಾಸ ಮುಗಿದ ಬಳಿಕ ಕನ್ನಡಕ್ಕೆ ಬಂದ ಮಾತುಗಳು ಪಕಾರವನ್ನು ಹಾಗೆಯೇ ಉಳಿಸಿಕೊಂಡಿವೆ. ಪೇಡೆ ಹೇಡೆಯಾಗಲಿಲ್ಲ, ಪೂರಿ ಹೂರಿಯಾಗಲಿಲ್ಲ, ಪೇಟೆ ಹೇಟೆಯಾಗಲಿಲ್ಲ. ಪೇಶ್ವೆಗಳ ಅಧಿಕಾರ ಈ ಸೀಮೆಯಲ್ಲಿ ಬೇರೂರಿದ್ದು 18ನೆಯ ಶತಮಾನದಲ್ಲಿ. ನಿಜಾಮನ ಸೇನೆಯೊಡನೆ ಕೂಡಿ ಅವರು ಬಾದಾಮಿಯ ಕೋಟೆಯನ್ನು ಮುತ್ತಿದ್ದು 1786ರಲ್ಲಿ. 'ಪುರಣ' ಎಂಬ ಮಾತು ಆ ಕಾಲದಲ್ಲಿ ಮರಾಠಿಯಿಂದ ಬಂದಿದ್ದರೆ ಅದು ಕನ್ನಡದಲ್ಲಿ ಇಂದಿಗೂ ಪುರಣವಾಗಿಯೇ ಇರಬೇಕಾಗಿತ್ತು. ಹೂರಣವೆಂಬ ರೂಪವೇ ಆ ಮಾತು ಪೇಶ್ವೆಗಳಿಗಿಂತ ಶತಮಾನಗಳಷ್ಟು ಹಿಂದೆ ಕನ್ನಡ ಗೃಹಿಣಿಯರ ನಾಲಗೆಯ ಮೇಲೆ ಇತ್ತೆಂಬುದನ್ನು ಹೇಳುತ್ತದೆ. ಸಂಸ್ಕೃತ ಬಲ್ಲವರ ಬರಹದಲ್ಲಿ ಪುಣ್ಯ, ಪೂಜೆಗಳಂತೆ ಪೂರಣವೂ ತತ್ಸಮವಾಗಿಯೇ ಉಳಿಯಬಹುದಿತ್ತು. ಹಾಗಾಗದೆ ಹಕಾರ ಪಡೆದದ್ದು, ಆ ಶಬ್ದ ಗ್ರಂಥಗಳಲ್ಲಿ ಮಾತ್ರವಿರದೆ ಬಳಕೆಯಲ್ಲಿ ಸವೆದ ಮಾತಾಗಿತ್ತೆಂಬುದಕ್ಕೆ ಗುರುತು.

'ಹೋಳಿಗೆ' ಎಂಬ ಹೆಸರಿನ ಸಾಕ್ಷ್ಯ ಇನ್ನೂ ಬಲವಾದದ್ದು. ಅದರ ತಲೆಯಲ್ಲಿ ಮೇಲೆ ಹೇಳಿದ ಪಕಾರ-ಹಕಾರ ವ್ಯತ್ಯಾಸವಿದೆ. ಅಂದರೆ ಅದರ ಹಿಂದಿನ ರೂಪ 'ಪೋಳಿಗೆ'. ಬಾಲದಲ್ಲಿ 'ಇಗೆ' ಎಂಬ ಅಂತ್ಯವಿದೆ. ಸಂಸ್ಕೃತದ 'ಇಕಾ' ಅಂತ್ಯದ ಪದಗಳು ಕನ್ನಡದಲ್ಲಿ 'ಇಗೆ' ಆಗುವುದು ತದ್ಭವಗಳ ಸಾಮಾನ್ಯ ರೀತಿ. ಮಲ್ಲಿಕಾ ಮಲ್ಲಿಗೆಯಾಯಿತು, ಇಷ್ಟಿಕಾ ಇಟ್ಟಿಗೆಯಾಯಿತು, ದೀಪಿಕಾ ದೀವಿಗೆಯಾಯಿತು. 13ನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇಂಥ ಮಾತುಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಬರೆದನು. ಈ ರೀತಿಯಲ್ಲಿ ಪೋಲಿಕಾ-ಪೋಳಿಗೆ-ಹೋಳಿಗೆ ಎಂಬ ಸರಣಿ ನೇರವಾಗಿ ನಿಲ್ಲುತ್ತದೆ. ಮರಾಠಿಯಲ್ಲಾದರೋ ಇದೇ ಶಬ್ದ ಕೊನೆಯ ಅಕ್ಷರವನ್ನು ಕಳೆದುಕೊಂಡು 'ಪೋಳಿ' ಆಗಿದೆ. ಕಳೆದುಹೋದ 'ಗೆ'ಕಾರವನ್ನು ಮರಾಠಿಯಿಂದ ತಂದ ಕನ್ನಡಿಗ ಮತ್ತೆ ಎಲ್ಲಿಂದ ಪಡೆದಾನು? ಆದಿಯಲ್ಲಿ ಹಕಾರ, ಅಂತ್ಯದಲ್ಲಿ ಗೆಕಾರ, ಈ ಎರಡೂ ಕೂಡಿ ಹೋಳಿಗೆಯು ಪೋಳಿಯ ಮಗಳಲ್ಲ, ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಮನೆಗಳಿಗೆ ಹೋದ ಅಕ್ಕತಂಗಿಯರು ಎಂಬುದನ್ನು ಸ್ಥಾಪಿಸುತ್ತವೆ.

ಈ ಹೆಸರಿಗೆ ಜನರು ಹೇಳುವ ಬೇರೆ ನಿಷ್ಪತ್ತಿಗಳೂ ಇವೆ. ಹೋಳಿ ಹುಣ್ಣಿಮೆಯ ದಿನ ಮಾಡುವುದರಿಂದ ಹೋಳಿಗೆ ಎಂಬುದು ಒಂದು; ಹೋಳು ಮಾಡಿ ತಿನ್ನುವುದರಿಂದ ಹೋಳಿಗೆ ಎಂಬುದು ಇನ್ನೊಂದು. ಇವು ಕೇಳಲು ಸೊಗಸಾದರೂ ಶಾಸ್ತ್ರಸಮ್ಮತವಲ್ಲ. ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡುವುದು ನಿಜ. ಆದರೆ ಯುಗಾದಿಗೂ ದೀಪಾವಳಿಗೂ ಮಾಡುತ್ತಾರೆ, ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಅವುಗಳಿಗೂ ತಿನಿಸುತ್ತಾರೆ. ಧ್ವನಿಸಾಮ್ಯವೊಂದನ್ನೇ ನೆಚ್ಚಿದ ನಿಷ್ಪತ್ತಿಗೆ ಇತಿಹಾಸದ ಆಧಾರವಿರುವುದಿಲ್ಲ.

ಹೆಸರಿನ ಸಾಕ್ಷ್ಯಕ್ಕೆ ಗ್ರಂಥಗಳ ಸಾಕ್ಷ್ಯವೂ ಹೊಂದಿಕೊಳ್ಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದ್ದರೂ ಕನ್ನಡ ನಾಡಿನ ಜೀವನದ ಕೋಶ. 'ಅಭಿಲಷಿತಾರ್ಥಚಿಂತಾಮಣಿ' ಎಂದೂ ಹೆಸರಾದ ಈ ಗ್ರಂಥದಲ್ಲಿ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಮೂರನೆಯ ವಿಂಶತಿಯ ಅನ್ನಭೋಗ ಪ್ರಕರಣದಲ್ಲಿ ಅರಸನ ಅಡುಗೆಯ ವಿವರಗಳು ಬರುತ್ತವೆ. ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪು ಬೆರೆಸಿ ನಾದುವ ಕ್ರಮವನ್ನು ಸೋಮೇಶ್ವರನು ಹೇಳುತ್ತಾನೆ. ಆ ಕಣಕದಿಂದ ಮಾಡುವ ಮಂಡಕ, ಪೋಲಿಕಾ, ಕೆಂಡದ ಮೇಲೆ ಬೇಯಿಸುವ ಅಂಗಾರಪೋಲಿಕಾ, ವೇಷ್ಟಿಕಾ ಮುಂತಾದವುಗಳ ಹೆಸರುಗಳು ಅಲ್ಲಿ ಬರುತ್ತವೆ. ವೇಷ್ಟಿಕಾ ಎಂದರೆ ಸುತ್ತಿದ್ದು, ಒಳಗಿನದನ್ನು ಮುಚ್ಚಿದ್ದು ಎಂದರ್ಥ. ಗುಜರಾತಿನಲ್ಲಿ ಇದೇ ಬಗೆಯ ಸಿಹಿಯನ್ನು 'ವೇಢಮಿ' ಎಂದು ಕರೆಯುವುದು ಇದರೊಡನೆ ನೆನೆಯತಕ್ಕದ್ದು.

ಮಾನಸೋಲ್ಲಾಸದ ಹೆಸರುಗಳಲ್ಲಿ ಹಲವು ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿವೆ. ಅಲ್ಲಿಯ 'ಘಾರಿಕಾ' ಇಲ್ಲಿ ಕುಂಬಳಕಾಯಿಯ 'ಗಾರಿಗೆ'ಯಲ್ಲಿ ಉಳಿದಿದೆ. ಅಲ್ಲಿಯ 'ಮಂಡಕ' ಬೆಳಗಾವಿಯ 'ಮಂಡಿಗೆ'ಯಾಗಿದೆ. ಕಾದ ಮಡಕೆಯ ಬೆನ್ನಿನ ಮೇಲೆ ಮಂಡಕವನ್ನು ಬೇಯಿಸುವ ರೀತಿಯನ್ನು ಸೋಮೇಶ್ವರನು ವರ್ಣಿಸಿದ್ದಾನೆ. ಬೆಳಗಾವಿಯ ಬಾಣಸಿಗರು ಕೈಯ ಮೇಲೆ ಬೀಸಿ ಅಗಲಿಸಿದ ಕಣಕವನ್ನು ಬೋರಲು ಹಾಕಿದ ಪಾತ್ರೆಯ ಮೇಲೆಯೇ ಬೇಯಿಸುತ್ತಾರೆ. 'ಮನಸ್ಸಿನಲ್ಲಿಯೇ ಮಂಡಿಗೆ ತಿನ್ನು' ಎಂಬ ನುಡಿಗಟ್ಟು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಮಾನವಾಗಿರುವುದು, ಈ ಎರಡು ಭಾಷೆಗಳ ಅಡುಗೆಯ ಮನೆಗಳ ನಡುವೆ ಗೋಡೆ ಎಂದೂ ಎತ್ತರವಾಗಿರಲಿಲ್ಲ ಎಂಬುದನ್ನು ತೋರಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೋಮೇಶ್ವರನ ಪಟ್ಟಿಯಲ್ಲಿ 'ಇಡ್ಡರಿಕಾ' ಎಂಬ ಭಕ್ಷ್ಯವೂ ಇದೆ. ಅದಕ್ಕಿಂತ ಸುಮಾರು ಇನ್ನೂರು ವರ್ಷಗಳ ಹಿಂದಿನ 'ವಡ್ಡಾರಾಧನೆ'ಯಲ್ಲಿ ಇದು 'ಇಡ್ಡಲಿಗೆ' ಎಂಬ ಕನ್ನಡ ರೂಪದಲ್ಲಿ ದೊರೆಯುತ್ತದೆ. ಅಂದರೆ ಕನ್ನಡ ನಾಡಿನ ಅರಸನು ತನ್ನ ಅಡುಗೆಯ ಮನೆಯ ಮಾತಿಗೆ ಸಂಸ್ಕೃತದ ಉಡುಗೆಯನ್ನು ತೊಡಿಸಿ ಗ್ರಂಥಕ್ಕೆ ಸೇರಿಸಿದನು. ದೋಸೆಗೂ ಅವನು ಹೀಗೆಯೇ ಮಾಡಿದ್ದಾನೆ. ಹಾಗಿದ್ದ ಮೇಲೆ ಪೋಲಿಕಾ ಎಂಬುದರ ಹಿಂದೆಯೂ ಜನರ ನಾಲಗೆಯ ಪೋಳಿಗೆಯೇ ಇದ್ದಿರಬಹುದೆಂಬ ವಿಚಾರಕ್ಕೆ ಎಡೆಯುಂಟು. ಸಂಸ್ಕೃತ ರೂಪ ಮೊದಲೋ ಕನ್ನಡ ರೂಪ ಮೊದಲೋ ಎಂಬ ವಾದ ಏನೇ ಆಗಲಿ, ಒಂದು ಮಾತು ಮಾತ್ರ ನಿಶ್ಚಿತ: 12ನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣದ ಅಡುಗೆಯ ಮನೆಯಲ್ಲಿ ಈ ಹೆಸರು ಬಳಕೆಯಲ್ಲಿತ್ತು. ಪೇಶ್ವೆಗಳ ಕಾಲಕ್ಕೂ ಅದಕ್ಕೂ ಆರು ನೂರು ವರ್ಷಗಳ ಅಂತರವಿದೆ.

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರದ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಸುಮಾರು 1025ರ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೂ ಸ್ಥಾನವಿತ್ತು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದು, ಹಿಟ್ಟಿನ ಭಕ್ಷ್ಯಗಳಿಗೆ ಮೊದಲ ಅಧ್ಯಾಯವನ್ನೇ ಮೀಸಲಿಟ್ಟನು. ಕೆಳದಿಯ ವೀರಶೈವ ಅರಸ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ಮಹಾಕೋಶದಲ್ಲಿ ಪಾಕಶಾಸ್ತ್ರವೂ ಒಂದು ವಿಷಯ. ಜೈನ ಕವಿ, ಚಾಲುಕ್ಯ ಚಕ್ರವರ್ತಿ, ವೀರಶೈವ ದೊರೆ, ಹೀಗೆ ಬೇರೆ ಬೇರೆ ನೆಲೆಯವರು ಅಡುಗೆಯನ್ನು ಶಾಸ್ತ್ರವೆಂದು ಮನ್ನಿಸಿದ್ದಾರೆ. ಆದರೆ ಇವರೆಲ್ಲ ಗಂಡಸರು. ಬಹುಮಟ್ಟಿಗೆ ಅರಮನೆಯ ಊಟವನ್ನು ಕಂಡವರು. ಹಳ್ಳಿಯ ಮನೆಯಲ್ಲಿ ಬೀಸಿದ, ರುಬ್ಬಿದ, ಲಟ್ಟಿಸಿದ ಹೆಂಗಸಿನ ಮಾತು ಗ್ರಂಥವಾಗಲಿಲ್ಲ. ಕೊಟ್ಟಣ ಕುಟ್ಟುವುದನ್ನೇ ಕಾಯಕವಾಗಿ ಹಿಡಿದ ಸೋಮಮ್ಮನಂಥವರು ವಚನ ನುಡಿದದ್ದು ಶರಣರ ಕಾಲದ ವಿಶೇಷ. ಉಳಿದೆಡೆಗಳಲ್ಲಿ ಆ ಹೆಂಗಸರ ಶಾಸ್ತ್ರವಿರುವುದು ಅವರು ಬಳಸಿದ ಹೆಸರುಗಳಲ್ಲಿ ಮಾತ್ರ. ಆದುದರಿಂದ ಆ ಹೆಸರುಗಳನ್ನು ಇತರ ಆಕರಗಳಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ.

ಅರ್ಥದ ವಿಷಯದಲ್ಲಿಯೂ ಈ ಶಬ್ದ ಒಂದು ಯಾತ್ರೆಯನ್ನು ಮಾಡಿದೆ. ಮಾನಸೋಲ್ಲಾಸದ ಪೋಲಿಕಾ ಗೋಧಿಯ ತೆಳುವಾದ ರೊಟ್ಟಿ. ಮರಾಠಿಯಲ್ಲಿ ಇಂದಿಗೂ ಪೋಳಿ ಎಂದರೆ ದಿನನಿತ್ಯದ ಚಪಾತಿ. ಸಿಹಿಯಾದದ್ದನ್ನು ಹೇಳಲು 'ಪುರಣ' ಎಂಬ ವಿಶೇಷಣ ಬೇಕೇಬೇಕು. ಕನ್ನಡದಲ್ಲಿ ಹೋಳಿಗೆ ಎಂದೊಡನೆ ಸಿಹಿಯೇ ಮನಸ್ಸಿಗೆ ಬರುತ್ತದೆ. ವ್ಯಾಪಕವಾಗಿದ್ದ ಅರ್ಥ ಇಲ್ಲಿ ಸಂಕೋಚಗೊಂಡಿದೆ. ಅದರ ಹಿಂದಿನ ಸ್ಥಿತಿಯ ಕುರುಹಾಗಿ 'ಹೂರಣದ ಹೋಳಿಗೆ' ಎಂಬ ಪೂರ್ಣ ಪ್ರಯೋಗವೂ ಜೊತೆಗೆ ಉಳಿದಿದೆ. ಈ ಸಂಕೋಚಕ್ಕೆ ಕಾರಣವನ್ನು ನೆಲದಲ್ಲಿ ಕಾಣಬಹುದು. ಕೂಡಲಸಂಗಮದ ಸುತ್ತಿನ ಎರೆಯ ಭೂಮಿಯಲ್ಲಿ ದಿನದ ಊಟ ಬಿಳಿಜೋಳದ ರೊಟ್ಟಿ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಚೀಚೆ ಮಳೆ ಬೀಳುವ ಈ ಸೀಮೆಯಲ್ಲಿ ಗೋಧಿ ಹಿಂಗಾರಿನ ಮಿತವಾದ ಬೆಳೆ. ಅದು ಹಬ್ಬಕ್ಕೆ, ಬೀಗರಿಗೆ, ಜಾತ್ರೆಗೆ ಮೀಸಲು. ಗೋಧಿಯ ರೊಟ್ಟಿ ನಿತ್ಯದ ಅನ್ನವಾದ ನಾಡಿನಲ್ಲಿ ಪೋಳಿ ನಿತ್ಯದ ಹೆಸರಾಗಿ ಉಳಿಯಿತು. ಜೋಳದ ರೊಟ್ಟಿ ನಿತ್ಯವಾದ ನಾಡಿನಲ್ಲಿ ಹೋಳಿಗೆ ಹಬ್ಬದ ಹೆಸರಾಯಿತು.

ಹೂರಣದ ಬೇಳೆಯೂ ನೆಲದ ಗುಣವನ್ನೇ ಅನುಸರಿಸಿದೆ. ಎರೆಹೊಲದಲ್ಲಿ ಗೋಧಿಯ ನೆರೆಯಲ್ಲಿ ಬೆಳೆಯುವ ಕಡಲೆಯೇ ಉತ್ತರದ ಹೋಳಿಗೆಗೆ ಆಧಾರ. ಹಳೆಯ ಮೈಸೂರಿನ ಕಡೆ ತೊಗರಿಬೇಳೆಯ ಬಳಕೆ ಹೆಚ್ಚು. ಬೆಲ್ಲಕ್ಕೆ ಘಟಪ್ರಭೆಯ ನೀರುಣ್ಣುವ ಮುಧೋಳ, ಜಮಖಂಡಿಗಳ ಕಬ್ಬಿನ ಹೊಲಗಳಿವೆ. ಮಹಾಲಿಂಗಪುರದ ಬೆಲ್ಲದ ಪೇಟೆ ಸುತ್ತಲಿನ ನಾಡಿಗೆಲ್ಲ ಹೆಸರುವಾಸಿ. ಕಣಕಕ್ಕೆ ಜವೆಗೋಧಿಯನ್ನು ಬಳಸುವುದು ಈ ಸೀಮೆಯ ಹಳೆಯ ಪದ್ಧತಿ. ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುವ, ಕುಟ್ಟಿ ಬೇರ್ಪಡಿಸಬೇಕಾದ ಈ ಪುರಾತನ ತಳಿಯನ್ನು ಭಾರತದಲ್ಲಿ ಉಳಿಸಿಕೊಂಡು ಬಂದ ಕೆಲವೇ ಪ್ರದೇಶಗಳಲ್ಲಿ ಉತ್ತರ ಕರ್ನಾಟಕವೂ ಒಂದು. ಯಂತ್ರದ ಗಿರಣಿಗಳು ಬಂದ ಬಳಿಕ ಮೈದಾ ಹಿಟ್ಟು ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು.

ಮಾಡುವ ಕ್ರಮದಲ್ಲಿಯೂ ಪ್ರದೇಶಭೇದವಿದೆ. ಹುನಗುಂದ, ಬಾದಾಮಿಗಳ ಕಡೆ ಬೇಳೆಯನ್ನು ಬೇಯಿಸಿ, ಕಟ್ಟನ್ನು ಬಸಿದು, ಬೆಲ್ಲ ಹಾಕಿ ಕುದಿಸಿ, ಏಲಕ್ಕಿ ಜಾಜಿಕಾಯಿಗಳನ್ನು ಸೇರಿಸಿ ನುಣ್ಣಗೆ ರುಬ್ಬುತ್ತಾರೆ. ಹೂರಣವನ್ನು ಕಣಕದೊಳಗಿಟ್ಟು, ಮಣೆಯ ಮೇಲೆ ಒಣಹಿಟ್ಟು ಹಚ್ಚಿ ಲಟ್ಟಣಿಗೆಯಿಂದ ಲಟ್ಟಿಸಿ, ಹಂಚಿನ ಮೇಲೆ ಬೇಯಿಸುತ್ತಾರೆ. ಎಣ್ಣೆಯಲ್ಲಿ ನೆನೆದ ಕಣಕದಿಂದ ಮಾಡುವುದು ಎಣ್ಣೆಹೋಳಿಗೆ. ಮೈಸೂರು, ಬೆಂಗಳೂರುಗಳ ಕಡೆ ಕಣಕವನ್ನು ಎಣ್ಣೆಯಲ್ಲಿ ನೆನೆಯಿಟ್ಟು, ಬಾಳೆಯ ಎಲೆಯ ಮೇಲೆ ಬೆರಳುಗಳಿಂದ ತಟ್ಟುವುದೇ ರೂಢಿ. ಬಸಿದ ಕಟ್ಟು ಎಲ್ಲಿಯೂ ವ್ಯರ್ಥವಾಗುವುದಿಲ್ಲ. ಉತ್ತರದಲ್ಲಿ ಅದು ಕಟ್ಟಿನ ಸಾರು. ದಕ್ಷಿಣದಲ್ಲಿ ಒಬ್ಬಟ್ಟಿನ ಸಾರು. ಮರಾಠಿಯವರಲ್ಲಿ ಕಟಾಚಿ ಆಮಟಿ. ಸಿಹಿಯ ಜೊತೆಗೆ ಖಾರವನ್ನೂ ಒಂದೇ ಬೇಳೆಯಿಂದ ಪಡೆಯುವ ಈ ಮಿತವ್ಯಯ ಎಲ್ಲ ಕಡೆಯ ಗೃಹಿಣಿಯರಿಗೂ ಸಮಾನವಾದದ್ದು.

ಇನ್ನು ಹೆಸರುಗಳ ಹರಹನ್ನು ನೋಡಬಹುದು. ಕೂಡಲಸಂಗಮ ಸೀಮೆಯ ಆಡುಮಾತಿನಲ್ಲಿ ಇದು 'ಹೋಳಗಿ'. ಮನೆ ಮನಿಯಾಗುವ, ಬೇಳೆ ಬ್ಯಾಳಿಯಾಗುವ ಉತ್ತರದ ಉಚ್ಚಾರಣೆಯ ನಿಯಮವೇ ಇಲ್ಲಿಯೂ ಕೆಲಸ ಮಾಡಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಮಹಾರಾಷ್ಟ್ರದ ಗಡಿಯೊಳಗಿದ್ದರೂ ಮನೆಯಲ್ಲಿ ಹೋಳಗಿ ಎನ್ನುತ್ತಾರೆ. ನೆರೆಮನೆಯ ಮರಾಠಿಯವರೊಡನೆ ಪುರಣಪೋಳಿ ಎನ್ನುತ್ತಾರೆ. ಮಲೆನಾಡು, ಕರಾವಳಿ, ಕಾಸರಗೋಡುಗಳ ಕನ್ನಡಿಗರಲ್ಲಿಯೂ ಹೋಳಿಗೆ ಎಂಬುದೇ ರೂಢಿ. ತೆಂಗಿನ ನಾಡಾದ ಅಲ್ಲಿ ಕಾಯಿಹೋಳಿಗೆಗೆ ಮಾನ್ಯತೆ. ಮೈಸೂರಿನ ಬಯಲಿನಲ್ಲಿ 'ಒಬ್ಬಟ್ಟು' ಎಂಬ ಹೆಸರು ಪ್ರಧಾನವಾಗಿದೆ. ಅದರ ಬಂಧುಗಳಂತೆ ತೋರುವ ಹೆಸರುಗಳು ತೆಲುಗಿನ 'ಬೊಬ್ಬಟ್ಟು', ಕೊಂಕಣಿಯ 'ಉಬ್ಬಟಿ'. ತಮಿಳರಲ್ಲಿ 'ಪೋಳಿ', ಕೇರಳದ ತಿರುವನಂತಪುರದ ಕಡೆ 'ಬೋಳಿ', ತೆಲಂಗಾಣದಲ್ಲಿ 'ಭಕ್ಷ್ಯಾಲು'. ಹೀಗೆ ಒಂದೇ ಭಕ್ಷ್ಯವನ್ನು ಒಂದು ನಾಡು ಅದರ ಆಕಾರದಿಂದ, ಇನ್ನೊಂದು ಅದರ ಹೂರಣದಿಂದ, ಮತ್ತೊಂದು ಭಕ್ಷ್ಯವೆಂಬ ಸಾಮಾನ್ಯ ನಾಮದಿಂದಲೇ ಗುರುತಿಸಿದೆ.

ಈ ಪೈಕಿ ರಾಯಲಸೀಮೆಯ ಹೆಸರು ವಿಶೇಷ ಗಮನಕ್ಕೆ ಅರ್ಹವಾದದ್ದು. ಅನಂತಪುರದ ಕಡೆಯ ತೆಲುಗರು ಇದನ್ನು 'ಓಳಿಗ' ಎನ್ನುತ್ತಾರೆ. ತೆಲುಗಿನಲ್ಲಿ ಪಕಾರ ಹಕಾರವಾಗುವ ನಿಯಮವಿಲ್ಲ. ಹಾಲಿಗೆ ಅಲ್ಲಿ ಪಾಲು ಎಂದೇ ಹೆಸರು. ಆದುದರಿಂದ ಓಳಿಗ ಎಂಬುದು ತೆಲುಗಿನೊಳಗೆ ತಾನಾಗಿ ಹುಟ್ಟಿದ ರೂಪವಲ್ಲ. ಕನ್ನಡದಲ್ಲಿ ಪೋಳಿಗೆ ಹೋಳಿಗೆಯಾದ ಮೇಲೆ ಅದನ್ನು ಎರವಲು ಪಡೆದು, ಆದಿಯ ಹಕಾರವನ್ನು ಬಿಟ್ಟ ರೂಪವದು. ಪೇಶ್ವೆಗಳಿಂದ ಪಡೆಯಿತೆಂದು ಹೇಳಲಾಗುವ ಮಾತನ್ನು ಕನ್ನಡವು ತನ್ನ ನೆರೆಯ ಭಾಷೆಗೆ ಕೊಟ್ಟಿದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಹಾಗೆಂದು ಮರಾಠಿಯ ಋಣವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಈ ಸೀಮೆಯ 'ಶೇಂಗಾಹೋಳಿಗೆ' ಅದಕ್ಕೆ ನಿದರ್ಶನ. ಹೋಳಿಗೆ ಎಂಬ ಮಾತು ಎಷ್ಟು ಹಳೆಯದೋ ಶೇಂಗಾ ಎಂಬುದು ಅಷ್ಟೇ ಹೊಸದು. ದಕ್ಷಿಣ ಅಮೆರಿಕೆಯ ಮೂಲದ ಈ ಬೆಳೆ ಯುರೋಪಿನ ನಾವಿಕರು ಸಮುದ್ರಮಾರ್ಗವನ್ನು ಕಂಡ ಬಳಿಕ ಭಾರತಕ್ಕೆ ಬಂದಿತು. ದಖನ್ನಿನ ಹೊಲಗಳಲ್ಲಿ ಅದು ವಿಸ್ತಾರವಾಗಿ ಹಬ್ಬಿದ್ದು 19ನೆಯ ಶತಮಾನದಿಂದ ಈಚೆಗೆ. ಮೈಸೂರಿನವರು ಅದನ್ನು ಕಡಲೆಕಾಯಿ ಎಂದು ಕರೆದರೆ, ಉತ್ತರದವರು ಕಾಯಿಗಳು ಎಂಬರ್ಥದ ಮರಾಠಿಯ ಶೇಂಗಾ ಎಂಬ ಮಾತನ್ನು ಬಳಸಿದರು. ಪಕಾರ ಹಕಾರವಾದ ಹಳೆಯ ಮಾತಿನೊಡನೆ ಮರಾಠಿಯ ಹೊಸ ಮಾತು ಸೇರಿ ಆದ ಸಮಾಸ ಶೇಂಗಾಹೋಳಿಗೆ. ಒಂದೇ ಹೆಸರಿನಲ್ಲಿ ಎರಡು ಕಾಲಗಳು ಕೂಡಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಹೂರಣದ ಹೋಳಿಗೆ ಎರಡು ದಿನಗಳಿಗೆ ಹಳಸುವಂಥದು. ಹುರಿದು ಪುಡಿಮಾಡಿದ ಶೇಂಗಾ, ಎಳ್ಳು, ಬೆಲ್ಲಗಳನ್ನು ತುಂಬಿದ ಹೋಳಿಗೆ ಹಲವು ದಿನ ಕೆಡುವುದಿಲ್ಲ. ಆದುದರಿಂದ ಅದು ಪ್ರಯಾಣದ ಬುತ್ತಿಗೆ ಒದಗಿತು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದವರ ಗಂಟಿನಲ್ಲಿ, ತವರಿನಿಂದ ಮರಳುವ ಮಗಳ ಬುಟ್ಟಿಯಲ್ಲಿ, ದೂರದ ಊರಿಗೆ ಓದಲು ಹೋದ ಮಗನ ಡಬ್ಬಿಯಲ್ಲಿ ಅದಕ್ಕೆ ಜಾಗವಿರುತ್ತಿತ್ತು. ಮಠಗಳ ದಾಸೋಹದ ಪಂಕ್ತಿಗೆ ಮಾತ್ರ ಸಾಮಾನ್ಯವಾಗಿ ಗೋಧಿಹುಗ್ಗಿ, ಮಾದಲಿಗಳೇ ಸಲ್ಲುತ್ತವೆ. ಸಾವಿರಾರು ಜನರಿಗೆ ಒಂದೇ ಕೊಪ್ಪರಿಗೆಯಿಂದ ಬಡಿಸಬಲ್ಲ ಅಡುಗೆ ಅದು. ಹೋಳಿಗೆಯನ್ನಾದರೋ ಒಂದೊಂದಾಗಿ ತುಂಬಬೇಕು, ಒಂದೊಂದಾಗಿ ಲಟ್ಟಿಸಬೇಕು, ಒಂದೊಂದಾಗಿ ಬೇಯಿಸಬೇಕು. ಅದು ಮನೆಯ ಭಕ್ಷ್ಯವಾಗಿ ಉಳಿಯಲು ಈ ಶ್ರಮವೂ ಒಂದು ಕಾರಣ.

ಇದೇ ಹೂರಣ ಇನ್ನೊಂದು ಆಕಾರ ಪಡೆದಾಗ ಹೆಸರೂ ಬದಲಾಗುತ್ತದೆ. ಅರ್ಧಚಂದ್ರಾಕಾರವಾಗಿ ಮಡಿಚಿ ಬೇಯಿಸಿದರೆ ಕಡುಬು, ಎಣ್ಣೆಯಲ್ಲಿ ಕರಿದರೆ ಕರಿಗಡುಬು. ಕರಿಗಡುಬು ಎಂದರೆ ಕಪ್ಪಾದ ಕಡುಬು ಎಂದು ಹೊಸಬರು ಭಾವಿಸುವುದುಂಟು. ಇಲ್ಲಿಯ 'ಕರಿ' ಎಂಬುದು ಬಣ್ಣವಲ್ಲ, ಕರಿಯುವ ಕ್ರಿಯೆ. ಕಕಾರಕ್ಕೆ ಗಕಾರ ಬಂದಿರುವುದು ಕನ್ನಡದ ಆದೇಶಸಂಧಿ. ಹಸಿ ಹೂರಣಕ್ಕೆ ಬದಲಾಗಿ ಒಣಕೊಬ್ಬರಿ, ಎಳ್ಳು, ಪುಟಾಣಿ, ಬೆಲ್ಲಗಳ ಒಣಪುಡಿಯನ್ನು ತುಂಬಿದರೆ ಕರ್ಚಿಕಾಯಿ ಅಥವಾ ಕರ್ಜಿಕಾಯಿ. ತೆಲುಗರ ಕಜ್ಜಿಕಾಯ, ಮರಾಠಿಯ ಕರಂಜಿ, ಕೊಂಕಣಿಯ ನೇವರಿ ಇದರ ನೆರೆಯವು. ಕನ್ನಡ ತೆಲುಗುಗಳು ಇದನ್ನು ಕಾಯಿಯೊಂದರಂತೆ ಕಂಡಿವೆ. ಹೊರಗಿನವರಿಗೆ ಇವೆಲ್ಲ ಹಿಟ್ಟಿನೊಳಗೆ ಸಿಹಿ ತುಂಬಿದ ಒಂದೇ ಬಗೆಯ ತಿನಿಸುಗಳು. ಮನೆಯವರಿಗೆ ಇವುಗಳ ನಡುವಿನ ಭೇದ ಹಬ್ಬದ ಭೇದ, ಋತುವಿನ ಭೇದ, ಬೀಗರ ಮರ್ಯಾದೆಯ ಭೇದ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಲು ಒಯ್ಯುವ ಬುಟ್ಟಿಯಲ್ಲಿ ಕಡುಬು ಇರಲೇಬೇಕು. ಅದರ ಸ್ಥಾನಕ್ಕೆ ಕರ್ಚಿಕಾಯಿ ಸಲ್ಲುವುದಿಲ್ಲ.

ಇಂದು ಈ ಭೇದಗಳು ಅಳಿಯುತ್ತಿವೆ. ನಗರಗಳ ಅಂಗಡಿಗಳಲ್ಲಿ ಹೋಳಿಗೆ ವರ್ಷವಿಡೀ ಸಿದ್ಧವಾಗಿ ದೊರೆಯುತ್ತದೆ. ಇದರಿಂದ ಹಲವು ಹೆಣ್ಣುಮಕ್ಕಳಿಗೆ ದುಡಿಮೆ ದೊರೆತಿರುವುದು ಸಂತೋಷದ ಸಂಗತಿ; ಮನೆಯ ಒಲೆಯ ಮುಂದಿನ ಶ್ರಮಕ್ಕೆ ಬೆಲೆ ಬಂದದ್ದೂ ಒಳ್ಳೆಯದೇ. ಆದರೆ ಪೊಟ್ಟಣದ ಮೇಲೆ ಒಂದು ಹೆಸರು ಸಾಕು. ಆ ಒಂದು ಹೆಸರಿನ ಕೆಳಗೆ ಎಣ್ಣೆಹೋಳಿಗೆ, ಸಜ್ಜಕದ ಹೋಳಿಗೆ, ಎಳ್ಳುಹೋಳಿಗೆಗಳು ಮೊದಲು ಪಟ್ಟಿಯಿಂದ, ಆಮೇಲೆ ಮಾತಿನಿಂದ ಜಾರಿಹೋಗುತ್ತವೆ. ರುಬ್ಬುವ ಗುಂಡು, ಬೀಸುವ ಕಲ್ಲು ಮೂಲೆ ಸೇರಿದಂತೆ ಅವುಗಳ ಸುತ್ತಲಿನ ಕ್ರಿಯಾಪದಗಳೂ ಮೂಲೆ ಸೇರುತ್ತವೆ. ಶಾಸನವೊಂದು ಒಡೆದರೆ ಅದರ ತುಂಡುಗಳಾದರೂ ಸಿಗುತ್ತವೆ. ಮಾತು ಅಳಿದರೆ ತುಂಡೂ ಉಳಿಯುವುದಿಲ್ಲ. ಹೂರಣವೆಂಬ ಒಂದು ಮಾತು ಉಳಿದಿದ್ದುದರಿಂದಲೇ ಪೇಶ್ವೆಗಳ ಕಾಲದ ಎರವಲು ಎಂಬ ವಾದವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಅದು ಪುರಣವೆಂದೇ ಎಲ್ಲೆಡೆ ಬದಲಾಗಿದ್ದರೆ ಆ ಸಾಕ್ಷಿ ಮೂಕವಾಗುತ್ತಿತ್ತು.

ಆದಕಾರಣ ಉತ್ತರ ಕರ್ನಾಟಕದ ಜಾನಪದ ಸಂಗ್ರಹಕಾರರು ಹಾಡು, ಕಥೆ, ಗಾದೆಗಳಿಗೆ ಕೊಡುವ ಗಮನವನ್ನು ಅಡುಗೆಯ ಪರಿಭಾಷೆಗೂ ಕೊಡಬೇಕಾಗಿದೆ. ಹುನಗುಂದದ ಒಂದು ಹಳ್ಳಿಯ ಅಜ್ಜಿ ಕಣಕದ ಹದಕ್ಕೆ ಏನೆನ್ನುತ್ತಾಳೆ, ಹೂರಣ ಸಡಿಲಾದರೆ ಏನೆನ್ನುತ್ತಾಳೆ, ಮೊದಲ ಹೋಳಿಗೆಯನ್ನು ಯಾರಿಗೆ ಎತ್ತಿಡುತ್ತಾಳೆ ಎಂಬುದನ್ನು ಅವಳ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಲು ಇನ್ನೂ ಕಾಲ ಮೀರಿಲ್ಲ.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡಿದ ಮೇಲೆ ಮುಂದಿನ ಹೊಳೆಗೆ ಕೃಷ್ಣೆ ಎಂದೇ ಹೆಸರು. ಆದರೂ ಆ ನೀರಿನಲ್ಲಿ ಮಲಪ್ರಭೆ ಇಲ್ಲವೆಂದು ಯಾರೂ ಹೇಳುವುದಿಲ್ಲ. ಕನ್ನಡ, ಮರಾಠಿ, ತೆಲುಗುಗಳ ಅಡುಗೆಯ ಮನೆಗಳ ಸಂಬಂಧವೂ ಹಾಗೆಯೇ. ಯಾರದು ಹಿರಿದು, ಯಾರದು ಕಿರಿದು ಎಂದು ವಾದಿಸುವುದು ಹೆಸರಿನ ಚರಿತ್ರೆಯ ಉದ್ದೇಶವಲ್ಲ. ಯಾವ ನೀರು ಎಲ್ಲಿಂದ ಬಂದಿತೆಂಬುದನ್ನು ತಿಳಿಯುವುದು ಅದರ ಕೆಲಸ. ಪೋಳಿಗೆ ಹೋಳಿಗೆಯಾದ ಕಾಲದಿಂದ ಇಂದಿನವರೆಗೆ ಒಲೆಯ ಮುಂದೆ ಕುಳಿತು, ಬರೆಯದೆಯೇ ಈ ಚರಿತ್ರೆಯನ್ನು ಕಾಪಾಡಿದ ತಾಯಂದಿರಿಗೆ ಸಲ್ಲಬೇಕಾದ ಗೌರವ, ಅವರ ಮಾತನ್ನು ಅವರ ಮಾತಾಗಿಯೇ ಉಳಿಸಿಕೊಳ್ಳುವುದರಲ್ಲಿದೆ.